ಪೂರಕ ಅಂದಾಜಿನಲ್ಲಿ ನಡೆದ ಯುದ್ಧ

1966ರಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದಿಂದ ಬಂದ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಚೀಲಗಳ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರವಿರುತ್ತಿತ್ತು. ಖಾಲಿಯಾದ ಚೀಲಗಳು ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ಗೋಣಿಕೊಪ್ಪೆಯಾಗುತ್ತಿದ್ದವು. ಬರದ ಮೇಲೆ ಬರ ಬಂದ ಆ ವರ್ಷ ದೇಶಕ್ಕೆ ಆಮದಾದ ಆಹಾರಧಾನ್ಯ ಸುಮಾರು ಒಂದು ಕೋಟಿ ಟನ್. ಅದರಲ್ಲಿ ಬಹುಪಾಲು ಪಿ.ಎಲ್. 480 ಕಾಯ್ದೆಯಡಿ ಅಮೆರಿಕ ಕಳಿಸಿದ್ದು.

ಆ ಹಡಗುಗಳ ಕಥೆ ನನಗೆ ತಿಳಿದದ್ದು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುವಾಗ. ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯ ಕಂತುಗಳನ್ನು ದೀರ್ಘಾವಧಿ ಒಪ್ಪಂದಕ್ಕೆ ಬಿಡದೆ, ಕೆಲವು ತಿಂಗಳಿಗಾಗುವಷ್ಟನ್ನು ಮಾತ್ರ ತಾವೇ ನೋಡಿ ಬಿಡುಗಡೆ ಮಾಡುತ್ತಿದ್ದರು. ಭಾರತದ ಕೃಷಿನೀತಿ ಬದಲಾಗಬೇಕೆಂಬ ಒತ್ತಡ ಅದರ ಹಿಂದಿತ್ತು, ನಿಜ. ಆದರೆ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ದೆಹಲಿ ಟೀಕಿಸಿದಾಗಲೆಲ್ಲ ಅವರು ಕೆರಳುತ್ತಿದ್ದುದೂ ದಾಖಲಾಗಿದೆ. 1966ರ ಜುಲೈನಲ್ಲಿ ಇಂದಿರಾ ಗಾಂಧಿಯವರು ಮಾಸ್ಕೋಗೆ ಹೋಗಿ ಸಹಿ ಹಾಕಿದ ಜಂಟಿ ಹೇಳಿಕೆ ಅವರನ್ನು ಬಹಳವಾಗಿ ನೋಯಿಸಿತು. ಜಗತ್ತಿನ ಅತ್ಯಂತ ಬಲಾಢ್ಯ ರಾಷ್ಟ್ರದ ನಾಯಕನಿಗೆ ಹಸಿದ ದೇಶವೊಂದರ ಮಾತು ಅಷ್ಟೇಕೆ ಚುಚ್ಚಬೇಕಿತ್ತು? ಇದಕ್ಕೆ ಉತ್ತರ ದೆಹಲಿಯಲ್ಲೂ ಇಲ್ಲ, ಹನೋಯಿಯಲ್ಲೂ ಇಲ್ಲ. ಅದು ವಾಷಿಂಗ್ಟನ್ನಿನ ಬಜೆಟ್ ಕಡತಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮ ವಿದ್ಯಾವಂತ ವಲಯದಲ್ಲಿ ಬೇರೂರಿದ ನಂಬಿಕೆಯೊಂದಿದೆ. ವಿದ್ಯಾರ್ಥಿಗಳ ಪ್ರತಿಭಟನೆ, ಪತ್ರಿಕೆಗಳ ಟೀಕೆ, ಸಂಸತ್ತಿನ ಅಪಸ್ವರ ಇವೆಲ್ಲ ಸೇರಿ ಅಮೆರಿಕದ ಕೈ ಕಟ್ಟಿಹಾಕಿದವು, ಆದ್ದರಿಂದ ಯುದ್ಧಕಾಲದಲ್ಲಿ ದೇಶಕ್ಕೆ ಒಂದೇ ದನಿಯಿರಬೇಕು ಎಂಬುದು ಆ ನಂಬಿಕೆ. ನಮ್ಮ ಗಡಿಯಲ್ಲಿ ಏನಾದರೂ ಸಂಭವಿಸಿದಾಗಲೆಲ್ಲ ಈ ಪಾಠವನ್ನು ನಮಗೆ ಒಪ್ಪಿಸಲಾಗುತ್ತದೆ. ದಾಖಲೆಗಳನ್ನು ತಾಳ್ಮೆಯಿಂದ ನೋಡಿದರೆ ಕಾಣುವುದು ಬೇರೆಯೇ ಚಿತ್ರ. ಯುದ್ಧದ ಗತಿಯನ್ನು ನಿರ್ಧರಿಸಿದ್ದು ದೇಶದೊಳಗಿನ ಒಡಕಲ್ಲ, ಒಡಕಿಗೆ ಅಂಜಿದ ನಾಯಕ ಅದನ್ನು ಎದುರಿಸದೆ ತಪ್ಪಿಸಿಕೊಂಡ ರೀತಿ.

ಜಾನ್ಸನ್ ಅಂಜಿದ್ದು ಯಾರಿಗೆ ಎಂಬುದನ್ನು ಮೊದಲು ಗಮನಿಸಬೇಕು. 1965ರಲ್ಲಿ ಯುದ್ಧವಿರೋಧಿ ಚಳವಳಿ ಇನ್ನೂ ಎಳೆಯ ಕೂಸು. ಅವರ ಭಯವಿದ್ದದ್ದು ಎಡದಿಂದಲ್ಲ, ಬಲದಿಂದ. 1949ರಲ್ಲಿ ಚೀನಾ ಕಮ್ಯುನಿಸ್ಟರ ವಶವಾದಾಗ ‘ಚೀನಾವನ್ನು ಕಳೆದವರು ಯಾರು?’ ಎಂದು ಎದ್ದ ಕೂಗು, ಅದರ ಬೆನ್ನಿಗೆ ಬಂದ ಜೋಸೆಫ್ ಮೆಕಾರ್ಥಿಯ ಬೇಟೆ, ಕೊರಿಯಾ ಯುದ್ಧದಲ್ಲಿ ಸೊರಗಿಹೋದ ಹ್ಯಾರಿ ಟ್ರೂಮನ್ ಅವರ ಸಮಾಜ ಕಲ್ಯಾಣ ಯೋಜನೆಗಳು, 1952ರ ಚುನಾವಣೆಯ ಸೋಲು ಇದೆಲ್ಲವನ್ನೂ ಸೆನೆಟರ್ ಆಗಿ ಅವರು ಕಣ್ಣಾರೆ ಕಂಡಿದ್ದರು. 1964ರ ಮೇ ತಿಂಗಳಿನಲ್ಲಿ ಸೆನೆಟರ್ ರಿಚರ್ಡ್ ರಸೆಲ್ ಅವರೊಡನೆ ನಡೆಸಿದ ದೂರವಾಣಿ ಸಂಭಾಷಣೆಯ ಧ್ವನಿಮುದ್ರಿಕೆ ಈಗ ಲಭ್ಯವಿದೆ. ಈ ಯುದ್ಧ ಮಾಡತಕ್ಕದ್ದೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಆದರೆ ಓಡಿಬಂದ ಅಧ್ಯಕ್ಷನ ಮೇಲೆ ಮಹಾಭಿಯೋಗ ಹೂಡುವುದಿಲ್ಲವೇ ಎಂಬುದು ಜಾನ್ಸನ್ ಕೇಳುವ ಪ್ರಶ್ನೆ. ಯುದ್ಧದ ಬಗ್ಗೆ ನಂಬಿಕೆಯಿಲ್ಲ, ಬಿಟ್ಟುಬರುವ ಧೈರ್ಯವೂ ಇಲ್ಲ. ದೊಡ್ಡ ಹುದ್ದೆಯಲ್ಲಿದ್ದವರು ಇಂಥ ಇಕ್ಕಟ್ಟಿಗೆ ಸಿಲುಕಿದ್ದನ್ನು ಸಣ್ಣ ಪ್ರಮಾಣದಲ್ಲಿ ನಾನೂ ನೋಡಿದ್ದೇನೆ. ಸಾಮಾನ್ಯವಾಗಿ ಅವರು ಹುಡುಕುವುದು ಮೂರನೆಯ ದಾರಿಯನ್ನು: ನಿರ್ಧಾರ ಮಾಡಿಯೂ ಮಾಡದಂತೆ ತೋರುವ ದಾರಿಯನ್ನು.

ಬೇರೆ ದಾರಿ ಇರಲಿಲ್ಲವೆಂದಲ್ಲ. 1964ರ ನವೆಂಬರ್‌ನಲ್ಲಿ ಅವರು ಶೇ 61ರಷ್ಟು ಮತ ಪಡೆದು ಗೆದ್ದಿದ್ದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ 1965ರ ಫೆಬ್ರುವರಿಯಲ್ಲಿ ಒಂದು ಟಿಪ್ಪಣಿ ಬರೆದು, ಇಷ್ಟು ದೊಡ್ಡ ಗೆಲುವಿನ ಮರುವರ್ಷವೇ ವಿಯೆಟ್ನಾಮಿನಿಂದ ಹೊರಬರಲು ರಾಜಕೀಯವಾಗಿ ಅತ್ಯಂತ ಕಡಿಮೆ ಅಪಾಯದ ಕಾಲವೆಂದು ತಿಳಿಸಿದರು. ಅದರ ಫಲವಾಗಿ ಹಂಫ್ರಿಯವರನ್ನು ತಿಂಗಳುಗಟ್ಟಲೆ ಯುದ್ಧದ ಸಮಾಲೋಚನೆಗಳಿಂದ ದೂರವಿಡಲಾಯಿತು.

ಆ ವರ್ಷದ ಜುಲೈ, ಆಗಸ್ಟ್ ತಿಂಗಳ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಲ್ಲವೂ ಅರ್ಥವಾಗುತ್ತದೆ. ಜುಲೈ 28ರ ಮಧ್ಯಾಹ್ನ, ಟೆಲಿವಿಷನ್ ನೋಡುವವರು ಕಡಿಮೆಯಿರುವ ಹೊತ್ತಿನಲ್ಲಿ, ಪತ್ರಿಕಾಗೋಷ್ಠಿಯೊಂದರಲ್ಲಿ ಜಾನ್ಸನ್ ವಿಯೆಟ್ನಾಮಿನ ಸೇನಾಬಲವನ್ನು 75 ಸಾವಿರದಿಂದ 1.25 ಲಕ್ಷಕ್ಕೆ ಏರಿಸುವುದಾಗಿ ತಿಳಿಸಿದರು. ಅದೇ ಗೋಷ್ಠಿಯಲ್ಲಿ ಸುಪ್ರೀಂ ಕೋರ್ಟಿಗೆ ಹೊಸ ನ್ಯಾಯಮೂರ್ತಿಯ ಹೆಸರನ್ನೂ ಪ್ರಕಟಿಸಿದರು, ಸುದ್ದಿ ಹಂಚಿಹೋಗಲೆಂದೋ ಏನೋ. ಎರಡೇ ದಿನಗಳ ನಂತರ, ಜುಲೈ 30ರಂದು, ವೃದ್ಧರ ಆರೋಗ್ಯ ವಿಮೆಯ ಮೆಡಿಕೇರ್ ಮಸೂದೆಗೆ ಮಿಸೌರಿಯಲ್ಲಿ ಟ್ರೂಮನ್ ಅವರ ಸಮ್ಮುಖದಲ್ಲೇ ಸಹಿ ಬಿತ್ತು. ಆಗಸ್ಟ್ 6ರಂದು ಕಪ್ಪು ಜನರ ಮತದಾನದ ಹಕ್ಕು ಕಾಯುವ ಕಾಯ್ದೆ. ಅಮೆರಿಕದ ಶತಮಾನದ ದೊಡ್ಡ ಸಾಮಾಜಿಕ ಸುಧಾರಣೆಗಳು ಕಾಂಗ್ರೆಸ್ಸಿನ ಹೊಸಿಲು ದಾಟುತ್ತಿದ್ದಾಗ ಯುದ್ಧದ ಚರ್ಚೆ ಎದ್ದರೆ, ದಕ್ಷಿಣದ ಸಂಪ್ರದಾಯವಾದಿ ಡೆಮಾಕ್ರಟರೂ ರಿಪಬ್ಲಿಕನ್ನರೂ ಕೂಡಿ ‘ಯುದ್ಧ ಬಂದಿದೆ, ಇವನ್ನೆಲ್ಲ ಬದಿಗಿಡಿ’ ಎಂದುಬಿಡುತ್ತಾರೆ ಎಂಬುದು ಜಾನ್ಸನ್ ಲೆಕ್ಕ. ಆ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಟ್ರೂಮನ್ನರ ಅನುಭವ ಎದುರಿಗೇ ಕುಳಿತಿತ್ತಲ್ಲ.

ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್ನಮಾರ ಎರಡು ಲಕ್ಷಕ್ಕೂ ಮಿಕ್ಕ ಮೀಸಲು ಸೈನಿಕರನ್ನು ಕರೆಯಬೇಕು, ತೆರಿಗೆ ಏರಿಸಬೇಕು ಎಂದಿದ್ದರು. ಎರಡನ್ನೂ ಜಾನ್ಸನ್ ಕೈಬಿಟ್ಟರು. ಏಕೆಂದರೆ ಎರಡಕ್ಕೂ ದೇಶದ ಮುಂದೆ ಹೋಗಿ, ‘ನಾವು ಯುದ್ಧದಲ್ಲಿದ್ದೇವೆ, ಇಷ್ಟು ಖರ್ಚಾಗುತ್ತದೆ, ಒಪ್ಪಿಗೆಯೇ?’ ಎಂದು ಕೇಳಬೇಕಿತ್ತು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಸೇರಿಸುವುದಕ್ಕೆ ಓದುಗರು ಅನುಮತಿಸಬೇಕು. ಸರ್ಕಾರದ ಹಣಕಾಸಿನ ಕಡತಗಳನ್ನು ಬಲ್ಲವರಿಗೆ ‘ಪೂರಕ ಅಂದಾಜು’ ಎಂಬ ಪದದ ಮಹಿಮೆ ಗೊತ್ತು. ದೊಡ್ಡ ಮೊತ್ತವನ್ನು ಬಜೆಟ್ಟಿನಲ್ಲಿ ಕೇಳಿದರೆ ಪ್ರಶ್ನೆಗಳೇಳುತ್ತವೆ. ಆದ್ದರಿಂದ ಮೊದಲು ಚಿಕ್ಕ ಮೊತ್ತಕ್ಕೆ ಮಂಜೂರಾತಿ ಪಡೆದು ಕಾಮಗಾರಿ ಆರಂಭಿಸುವುದು. ಅಡಿಪಾಯ ಎದ್ದ ಮೇಲೆ, ಅರ್ಧಕ್ಕೆ ನಿಲ್ಲಿಸಿದರೆ ಹಾಕಿದ ಹಣವೂ ವ್ಯರ್ಥವೆಂದು ಹೇಳಿ ಪೂರಕ ಅಂದಾಜು ತರುವುದು. ಸದನ ಅದನ್ನು ಸಂಜೆಯ ಹೊತ್ತಿಗೆ, ಚರ್ಚೆಯಿಲ್ಲದೆ ಒಪ್ಪುತ್ತದೆ. ಹೀಗೆ ಆರಂಭವಾದ ನೀರಾವರಿ ಕಾಲುವೆಯೊಂದರ ಕಡತ ನನ್ನ ಮೇಜಿನ ಮೇಲೆ ವರ್ಷಗಟ್ಟಲೆ ಓಡಾಡಿತು. ಮೊದಲ ಅಂದಾಜಿಗೆ ಸಹಿ ಹಾಕಿದ ಯಾರೂ ಅದನ್ನು ನಂಬಿರಲಿಲ್ಲ ಎಂಬುದು ಟಿಪ್ಪಣಿ ಹಾಳೆಗಳಿಂದಲೇ ತಿಳಿಯುತ್ತಿತ್ತು. ನಾನೂ ಒಮ್ಮೆ ಸಹಿ ಹಾಕಿದ್ದೇನೆ.

ಜಾನ್ಸನ್ ವಿಯೆಟ್ನಾಂ ಯುದ್ಧವನ್ನು ನಡೆಸಿದ್ದು ಇದೇ ಕ್ರಮದಲ್ಲಿ. 1965ರ ಮೇ ತಿಂಗಳಲ್ಲಿ 70 ಕೋಟಿ ಡಾಲರ್ ಕೇಳಿದರು. ಕಣದಲ್ಲಿರುವ ಸೈನಿಕರಿಗೆ ಹಣ ಬೇಡವೆನ್ನುವವರಾರು? ಜನಪ್ರತಿನಿಧಿ ಸಭೆ 408-7ರಿಂದ, ಸೆನೆಟ್ 88-3ರಿಂದ ಕೆಲವೇ ದಿನಗಳಲ್ಲಿ ಒಪ್ಪಿದವು. ಆಗಸ್ಟ್‌ನಲ್ಲಿ ಇನ್ನೂ 170 ಕೋಟಿ. 1966ರ ಜನವರಿಯಲ್ಲಿ 1,200 ಕೋಟಿಗೂ ಮಿಗಿಲಾದ ಇನ್ನೊಂದು ಪೂರಕ ಬೇಡಿಕೆ. ಅದೇ ತಿಂಗಳು ಮಂಡಿಸಿದ ಮುಂದಿನ ವರ್ಷದ ಬಜೆಟ್ಟನ್ನು, ಯುದ್ಧವು 1967ರ ಜೂನ್ 30ಕ್ಕೆ, ಅಂದರೆ ಹಣಕಾಸು ವರ್ಷದ ಕೊನೆಯ ದಿನಕ್ಕೆ ಸರಿಯಾಗಿ ಮುಗಿಯುತ್ತದೆ ಎಂಬ ಊಹೆಯ ಮೇಲೆ ತಯಾರಿಸಲಾಗಿತ್ತು! ಆ ವರ್ಷದ ಯುದ್ಧವೆಚ್ಚ ಸುಮಾರು 1,000 ಕೋಟಿ ಡಾಲರ್ ಎಂಬ ಅಂದಾಜು ಕೊನೆಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಬಂದೂಕು ಮತ್ತು ಬೆಣ್ಣೆ ಎರಡನ್ನೂ ಹೆಚ್ಚಿಸಲು ಹೊರಟ ದೇಶ ಏನನ್ನಾದರೂ ತ್ಯಜಿಸಲೇಬೇಕೆಂದು ಅರ್ಥಶಾಸ್ತ್ರದ ಮೊದಲ ಪಾಠ ಹೇಳುತ್ತದೆ. ಆರ್ಥಿಕ ಸಲಹಾ ಮಂಡಳಿಯ ಗಾರ್ಡನರ್ ಆಕ್ಲಿ 1965ರ ಕೊನೆಯಲ್ಲೇ ತೆರಿಗೆ ಏರಿಸಲು ಸಲಹೆ ನೀಡಿದ್ದರು. ಸರ್ಕಾರ ಕದಲದಿದ್ದಾಗ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಆ ಡಿಸೆಂಬರ್‌ನಲ್ಲಿ ತಾನೇ ಬಡ್ಡಿದರವನ್ನು ಶೇ 4ರಿಂದ 4.5ಕ್ಕೆ ಏರಿಸಿತು. ಅದರ ಅಧ್ಯಕ್ಷ ವಿಲಿಯಂ ಮಾರ್ಟಿನ್ ಅವರನ್ನು ಜಾನ್ಸನ್ ಟೆಕ್ಸಾಸ್‌ನ ತಮ್ಮ ತೋಟದ ಮನೆಗೆ ಕರೆಸಿ ತರಾಟೆಗೆ ತೆಗೆದುಕೊಂಡರು. ಕೊನೆಗೆ 1967ರಲ್ಲಿ ಮೇಲ್ತೆರಿಗೆ ಕೇಳಿದಾಗ ತೆರಿಗೆ ಸಮಿತಿಯ ವಿಲ್ಬರ್ ಮಿಲ್ಸ್, ಮೊದಲು ಖರ್ಚು ಕಡಿತ ಮಾಡಿ ಎಂದು ಪಟ್ಟುಹಿಡಿದರು. ಶೇ 10ರ ಮೇಲ್ತೆರಿಗೆ ಜಾರಿಯಾದದ್ದು 1968ರ ಜೂನ್‌ನಲ್ಲಿ, ಯಾವ ಸಾಮಾಜಿಕ ಯೋಜನೆಗಳನ್ನು ಉಳಿಸಲೆಂದು ಸತ್ಯವನ್ನು ಮುಚ್ಚಿಟ್ಟಿದ್ದರೋ ಆ ಯೋಜನೆಗಳ ವೆಚ್ಚಕ್ಕೆ ಕತ್ತರಿ ಬಿದ್ದ ಮೇಲೆ. ಅಷ್ಟರಲ್ಲಿ ಆ ಹಣಕಾಸು ವರ್ಷದ ಕೊರತೆ 2,500 ಕೋಟಿ ಡಾಲರ್ ಮುಟ್ಟಿತ್ತು. 1965ರಲ್ಲಿ ಶೇ 2ಕ್ಕಿಂತ ಕಡಿಮೆಯಿದ್ದ ಹಣದುಬ್ಬರ 1969ರಲ್ಲಿ ಶೇ 5 ದಾಟಿತು. ಸಂಸತ್ತು ವಿಧಿಸದ ತೆರಿಗೆಯನ್ನು ಅಂಗಡಿಯವನು ವಸೂಲಿ ಮಾಡಿದ.

ಮೀಸಲು ಪಡೆಯನ್ನು ಕರೆಯದ ನಿರ್ಧಾರದ ಪರಿಣಾಮ ಇನ್ನೂ ಕಹಿಯಾದದ್ದು. ಮೀಸಲು ಪಡೆಯಲ್ಲಿದ್ದವರು ಊರೂರಿನ ನೌಕರಿಯವರು, ಸಂಸಾರಸ್ಥರು. ಅವರನ್ನು ಕರೆದರೆ ಪ್ರತಿ ಬೀದಿಯಲ್ಲೂ ಪ್ರಶ್ನೆ ಏಳುತ್ತಿತ್ತು. ಬದಲಿಗೆ ಕಡ್ಡಾಯ ಸೇನಾ ಭರ್ತಿಯನ್ನು ತಿಂಗಳಿಗೆ 17 ಸಾವಿರದಿಂದ 35 ಸಾವಿರಕ್ಕೆ ಏರಿಸಲಾಯಿತು. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಸಿಗುತ್ತಿದ್ದುದರಿಂದ ಹೊರೆ ಬಿದ್ದದ್ದು ಕಾರ್ಮಿಕರ, ಬಡವರ, ಕಪ್ಪು ಜನರ ಮಕ್ಕಳ ಮೇಲೆ. ಚರ್ಚೆಯನ್ನು ತಪ್ಪಿಸಲೆಂದು ಆರಿಸಿಕೊಂಡ ದಾರಿಯೇ ಆ ಸಮಾಜದಲ್ಲಿ ಅದುವರೆಗೆ ಇದ್ದ ಬಿರುಕುಗಳ ಜೊತೆಗೆ ಹೊಸದೊಂದನ್ನು ಕೊರೆಯಿತು.

ಇಷ್ಟು ಕೇಳಿದ ಮೇಲೆ, ಹನೋಯಿಯಂಥ ಏಕಪಕ್ಷದ ಆಡಳಿತಕ್ಕೆ ಈ ತೊಂದರೆಗಳಿರಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಅಲ್ಲಿಯೂ ಒಡಕಿತ್ತು. ಪಕ್ಷದ ಕಾರ್ಯದರ್ಶಿ ಲೆ ಜುವಾನ್ ದೊಡ್ಡ ದಾಳಿಯ ಪರ. ಡಿಯೆನ್ ಬಿಯೆನ್ ಫು ವಿಜಯದ ಸೇನಾನಿ ವೋ ನುಯೆನ್ ಜಾಪ್ ಎಚ್ಚರಿಕೆಯ ಪರ. ಟೆಟ್ ದಾಳಿಗೆ ಮುನ್ನ, 1967ರಲ್ಲಿ, ಜಾಪ್ ಅವರಿಗೆ ಹತ್ತಿರದವರೂ ಸೇರಿದಂತೆ ಹಲವು ಅಧಿಕಾರಿಗಳನ್ನು ಬಂಧಿಸಲಾಯಿತು. ಪ್ರಶ್ನಿಸುವವರು ಉಳಿಯದ ಪಕ್ಷ 1968ರ ಜನವರಿಯ ಕೊನೆಯಲ್ಲಿ ನಗರಗಳ ಮೇಲೆ ಏರಿಹೋದಾಗ, ದಕ್ಷಿಣದ ಜನ ದಂಗೆಯೆದ್ದು ಜೊತೆಗೂಡುತ್ತಾರೆಂಬ ನಿರೀಕ್ಷೆ ಸುಳ್ಳಾಯಿತು. ಸತ್ತವರ ಸಂಖ್ಯೆ ಅಪಾರ. ಆ ದಾಳಿ ಗೆದ್ದದ್ದು ರಣರಂಗದಲ್ಲಲ್ಲ, ಅಮೆರಿಕದ ಮನೆಗಳಲ್ಲಿ. ಯುದ್ಧ ಮುಗಿಯುತ್ತ ಬಂದಿದೆಯೆಂದು ಎರಡು ವರ್ಷಗಳಿಂದ ಹೇಳಿಸಿಕೊಂಡಿದ್ದ ಜನ ಸೈಗಾನ್‌ನ ತಮ್ಮ ರಾಯಭಾರ ಕಚೇರಿಯ ಆವರಣದಲ್ಲೇ ಗುಂಡು ಹಾರುವುದನ್ನು ಟೆಲಿವಿಷನ್‌ನಲ್ಲಿ ನೋಡಿದರು. ನಿಜವಾದ ಅಂದಾಜು ಮೊದಲೇ ಗೊತ್ತಿದ್ದವರಿಗೆ ಅದು ಆಘಾತವಾಗುತ್ತಿತ್ತೇ?

ಮಾರ್ಚ್ 31ರಂದು ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು. ಪ್ಯಾರಿಸ್‌ನಲ್ಲಿ ಮಾತುಕತೆ ಆರಂಭವಾಯಿತು. ಚುನಾವಣೆಗೆ ಐದು ದಿನವಿದ್ದಾಗ, ಅಕ್ಟೋಬರ್ 31ರಂದು, ಬಾಂಬ್ ದಾಳಿ ನಿಂತಿತು. ನವೆಂಬರ್ 2ರಂದು ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ನುಯೆನ್ ವಾನ್ ಥಿಯು ತಾವು ಮಾತುಕತೆಗೆ ಬರುವುದಿಲ್ಲವೆಂದರು. ರಿಚರ್ಡ್ ನಿಕ್ಸನ್ ಅವರ ಚುನಾವಣಾ ಪಾಳೆಯ ಆನಾ ಶೆನಾಲ್ಟ್ ಎಂಬ ಮಹಿಳೆಯ ಮೂಲಕ, ತಾಳಿ, ನಿಮಗೆ ನಮ್ಮಿಂದ ಹೆಚ್ಚು ದೊರೆಯುತ್ತದೆ ಎಂಬ ಸಂದೇಶ ಕಳಿಸುತ್ತಿದ್ದುದು ದೂರವಾಣಿ ಕದ್ದಾಲಿಕೆಯಿಂದ ಜಾನ್ಸನ್ ಅವರಿಗೆ ಗೊತ್ತಾಯಿತು. ಖಾಸಗಿಯಾಗಿ ಅದನ್ನು ದೇಶದ್ರೋಹವೆಂದೇ ಕರೆದರು. ಸಾರ್ವಜನಿಕವಾಗಿ ಒಂದಕ್ಷರವನ್ನೂ ಹೇಳಲಿಲ್ಲ. ಹೇಳಿದರೆ ಕದ್ದಾಲಿಕೆ ಬಯಲಾಗುತ್ತಿತ್ತು, ಗೆದ್ದವನ ಅಧಿಕಾರಕ್ಕೆ ಬೆಲೆ ಇರುತ್ತಿರಲಿಲ್ಲ ಎಂಬುದು ಆಪ್ತರ ಸಲಹೆ. ಮೂರು ವರ್ಷ ಮುಚ್ಚಿಡುವುದೇ ರೂಢಿಯಾಗಿದ್ದವರಿಗೆ ತೆರೆಯಬೇಕಾದದ್ದನ್ನು ತೆರೆಯುವ ಶಕ್ತಿ ಉಳಿದಿರಲಿಲ್ಲ. ನಿಕ್ಸನ್ ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಆ ದಾಖಲೆಗಳ ಲಕೋಟೆಯನ್ನು ಸಲಹೆಗಾರ ವಾಲ್ಟ್ ರಾಸ್ಟೊ 1973ರಲ್ಲಿ, ಐವತ್ತು ವರ್ಷ ತೆರೆಯಬಾರದೆಂಬ ಸೂಚನೆಯೊಂದಿಗೆ ಜಾನ್ಸನ್ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದೃಷ್ಟವಶಾತ್ 1994ರಲ್ಲೇ ತೆರೆದರು. ಥಿಯು ಬಂದಿದ್ದರೆ ಶಾಂತಿ ಆಗಿಬಿಡುತ್ತಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಆ ಯುದ್ಧದಲ್ಲಿ ಸತ್ತ 58 ಸಾವಿರ ಅಮೆರಿಕನ್ನರಲ್ಲಿ ಸುಮಾರು 21 ಸಾವಿರ ಮಂದಿ ಸತ್ತದ್ದು 1968 ಮುಗಿದ ಮೇಲೆ. ವಿಯೆಟ್ನಾಮೀಯರ ಸಾವನ್ನು ಲಕ್ಷಗಳಲ್ಲಿ ಎಣಿಸಬೇಕು.

ನಮ್ಮ ದೇಶದ ಅನುಭವಕ್ಕೆ ಬರುತ್ತೇನೆ. 1962ರ ಕಥೆಯಲ್ಲಿ ಎರಡು ಅಧ್ಯಾಯಗಳಿವೆ, ಅವುಗಳ ಪಾಠವೂ ಬೇರೆಬೇರೆ. ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಮಾಡಿದ್ದು 1957ರಲ್ಲೇ ಬಹಿರಂಗವಾಗಿತ್ತು. 1958ರ ಅಕ್ಟೋಬರ್‌ನಲ್ಲಿ ನಾವು ಪ್ರತಿಭಟನಾ ಪತ್ರವನ್ನೂ ಕೊಟ್ಟಿದ್ದೆವು. ಸಂಸತ್ತಿಗೆ ಗೊತ್ತಾದದ್ದು 1959ರ ಆಗಸ್ಟ್ ಕೊನೆಯಲ್ಲಿ. ತಡವಾಗಿ ತಿಳಿದ ಸದನ ಕೆರಳಿತು. ಸೆಪ್ಟೆಂಬರ್‌ನಲ್ಲಿ ನೆಹರೂ ಶ್ವೇತಪತ್ರ ಹೊರಡಿಸಬೇಕಾಯಿತು. ಅಲ್ಲಿಂದ ಮುಂದೆ ಪ್ರತಿ ರಾಜತಾಂತ್ರಿಕ ಪತ್ರವೂ ಸಾರ್ವಜನಿಕ ಭಾಷಣವಾಯಿತು. 1960ರ ಏಪ್ರಿಲ್‌ನಲ್ಲಿ ಚೌ ಎನ್‌ಲಾಯ್ ದೆಹಲಿಗೆ ಬರುವ ಹೊತ್ತಿಗೆ ಕೊಟ್ಟು ತೆಗೆದುಕೊಳ್ಳುವ ಮಾತಾಡಲು ಪ್ರಧಾನಿಗೆ ಅವಕಾಶವೇ ಉಳಿದಿರಲಿಲ್ಲ. ಮೊದಲೇ ವಿಶ್ವಾಸಕ್ಕೆ ತೆಗೆದುಕೊಂಡಿದ್ದರೆ ಸದನ ಇಷ್ಟು ಬಿಗಿಯಾಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಅಧ್ಯಾಯ ಯುದ್ಧ ಆರಂಭವಾದ ಮೇಲಿನದು. ವಾಜಪೇಯಿ ಮುಂತಾದ ವಿರೋಧಿಗಳು ಕೇಳಿದೊಡನೆ ನೆಹರೂ ಅಧಿವೇಶನವನ್ನು ಮುಂಚಿತವಾಗಿ ನವೆಂಬರ್ 8ಕ್ಕೇ ಕರೆದರು. ಗುಪ್ತ ಅಧಿವೇಶನ ನಡೆಸಬಹುದೆಂಬ ಸಲಹೆಯನ್ನು ಅವರು ತಳ್ಳಿಹಾಕಿದರು. ಗಡಿಯಲ್ಲಿ ಸೇನೆ ಹಿಂದೆ ಸರಿಯುತ್ತಿದ್ದ ಆ ವಾರದಲ್ಲಿ ಲೋಕಸಭೆಯ 165 ಸದಸ್ಯರು ಬಾಗಿಲು ತೆರೆದ ಸದನದಲ್ಲಿ ಮಾತನಾಡಿದರು. ಸ್ವಪಕ್ಷದ ಸದಸ್ಯರ ಒತ್ತಡಕ್ಕೆ ಕೃಷ್ಣ ಮೆನನ್ ಸಂಪುಟ ಬಿಡಬೇಕಾಯಿತು. ಎಲ್ಲವನ್ನೂ ಹೇಳಿದರೆಂದಲ್ಲ, ನವೆಂಬರ್ 19ರಂದು ವಾಯುಪಡೆಯ ನೆರವು ಕೋರಿ ಕೆನಡಿಗೆ ಬರೆದ ಪತ್ರಗಳು ಸದನಕ್ಕೆ ತಿಳಿಯಲಿಲ್ಲ. ಆದರೆ ಖರ್ಚನ್ನು ಮುಚ್ಚಿಡಲಿಲ್ಲ. 1963ರ ಬಜೆಟ್ಟಿನಲ್ಲಿ ಮೊರಾರ್ಜಿ ದೇಸಾಯಿ ರಕ್ಷಣೆಗೆ ಹಿಂದಿನ ಬಜೆಟ್ಟಿಗಿಂತ ಎರಡು ಪಟ್ಟಿಗೂ ಮಿಗಿಲಾದ ಹಣ ಇಟ್ಟರು. ಅದಕ್ಕಾಗಿ ಅತಿಲಾಭ ತೆರಿಗೆ ಮತ್ತು ಕಡ್ಡಾಯ ಠೇವಣಿ ಯೋಜನೆಯನ್ನು ನೇರವಾಗಿ ಜನರ ಮುಂದಿಟ್ಟರು. ಅದೇ ವರ್ಷದ ಚಿನ್ನ ನಿಯಂತ್ರಣದಿಂದ ನಮ್ಮೂರಿನ ಅಕ್ಕಸಾಲಿಗರ ಕುಲುಮೆಗಳು ಆರಿದ್ದನ್ನು ನನ್ನ ತಂದೆ ಕೊನೆಯವರೆಗೂ ನೆನೆಯುತ್ತಿದ್ದರು. ಆ ಕ್ರಮ ಸರಿಯಿತ್ತೆಂದು ನಾನೂ ಹೇಳಲಾರೆ. ಜನ ಸಿಟ್ಟಾದರು. ಉಪಚುನಾವಣೆಗಳಲ್ಲಿ ಕೃಪಲಾನಿ, ಲೋಹಿಯಾ, ಮಸಾನಿ ಗೆದ್ದು ಬಂದರು. ಯುದ್ಧ ಮುಗಿದು ವರ್ಷ ತುಂಬುವ ಮೊದಲೇ, ಆಗಸ್ಟ್‌ನಲ್ಲಿ, ಲೋಕಸಭೆಯ ಇತಿಹಾಸದ ಮೊದಲ ಅವಿಶ್ವಾಸ ನಿರ್ಣಯ ಮಂಡನೆಯಾಯಿತು. ಭಾರತದ ಬಹುಸಂಖ್ಯಾತರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಹಿಯಾ ಗುಡುಗಿದ್ದು ಅದೇ ಚರ್ಚೆಯಲ್ಲಿ. ನಿರ್ಣಯ 62-347ರಿಂದ ಬಿತ್ತು. ಚೀನಾದ ಸೇನೆ ಗಡಿಯಲ್ಲಿದ್ದಾಗ ಹೀಗೆ ಕಿತ್ತಾಡಿದ ದೇಶ ಎರಡು ವರ್ಷಗಳ ಬಳಿಕ, 1965ರಲ್ಲಿ, ಪಾಕಿಸ್ತಾನದೆದುರು ದುರ್ಬಲವಾಗೇನೂ ಇರಲಿಲ್ಲ.

ಆ ಪದ್ಧತಿಯನ್ನು ನಾವು ಉಳಿಸಿಕೊಂಡಿದ್ದೇವೆಯೇ? 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಿತ್ತು. ಉಸ್ತುವಾರಿ ಸರ್ಕಾರ ಕಾರ್ಗಿಲ್ ಯುದ್ಧ ನಡೆಸುತ್ತಿದ್ದಾಗ ರಾಜ್ಯಸಭೆಯ ಅಧಿವೇಶನ ಕರೆಯಿರೆಂಬ ಬೇಡಿಕೆ ಬಂತು, ಸರ್ಕಾರ ಒಪ್ಪಲಿಲ್ಲ. 1962ರಲ್ಲಿ ಅಧಿವೇಶನ ಕೇಳಿ ಪಡೆದವರೇ ಈಗ ಪ್ರಧಾನಿಯಾಗಿದ್ದರು. ಆದರೆ ಯುದ್ಧ ಮುಗಿದೊಡನೆ ಕೆ. ಸುಬ್ರಹ್ಮಣ್ಯಂ ಸಮಿತಿ ರಚಿಸಿ, ಕೆಲವು ಭಾಗಗಳನ್ನು ತೆಗೆದಾದರೂ ವರದಿಯನ್ನು 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟದ್ದು ಅವರ ಹಿರಿಮೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ನಂತರವೂ ವಿಶೇಷ ಅಧಿವೇಶನದ ಬೇಡಿಕೆ ಈಡೇರಲಿಲ್ಲ. ಚರ್ಚೆ ನಡೆದದ್ದು ಮಳೆಗಾಲದ ಅಧಿವೇಶನದಲ್ಲಿ, ಜುಲೈ ಕೊನೆಗೆ.

1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯಂತೂ ಇಂದಿಗೂ ಅಧಿಕೃತವಾಗಿ ಪ್ರಕಟವಾಗಿಲ್ಲ. ಅದರ ವಿಷಯ ಅತ್ಯಂತ ಸೂಕ್ಷ್ಮವೆಂದು 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ತಿಳಿಸಿದರು. 2014ರ ಮಾರ್ಚ್‌ನಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಬಯಲಿಗೆ ತಂದಾಗ, ದಾಖಲೆಗಳನ್ನು ಅನಿರ್ದಿಷ್ಟವಾಗಿ ಗುಪ್ತವಾಗಿಡುವುದು ಸರಿಯಲ್ಲವೆಂದು ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ ಬರೆದರು. ಅದೇ ಜುಲೈನಲ್ಲಿ ರಕ್ಷಣಾ ಸಚಿವರಾಗಿ ಅವರು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಬಿಡುಗಡೆ ದೇಶದ ಹಿತಕ್ಕೆ ಒಳ್ಳೆಯದಲ್ಲ ಎಂದಿತ್ತು. 1963ರಲ್ಲಿ ಆ ವರದಿ ಸಿದ್ಧವಾದಾಗ ನನಗೆ ಐದು ವರ್ಷ. ಮೂರೂವರೆ ದಶಕ ಸರ್ಕಾರಿ ಸೇವೆ ಮಾಡಿ ನಾನು ನಿವೃತ್ತನೂ ಆದೆ. ವರದಿ ಮಾತ್ರ ಇನ್ನೂ ಸೇವೆಯಲ್ಲೇ ಇದೆ.